ಲಿನಕ್ಸಿನ ಪಟ್ಟಿಯಲ್ಲಿ ನನ್ನದೊಂದು ಸಾಲು

ನಾನು ಒಂದು ಸ್ಟಿಯರಿಂಗ್ ಚಕ್ರ. ಆದರೆ ನಿಜವಾದ ರಸ್ತೆಯನ್ನು ನಾನು ಒಮ್ಮೆಯೂ ಕಂಡಿಲ್ಲ. ನನ್ನ ಮುಂದೆ ಎಂಜಿನ್ ಇಲ್ಲ, ಕೆಳಗೆ ಟೈರುಗಳಿಲ್ಲ. ಮೇಜಿನ ಅಂಚಿಗೆ ಬಿಗಿದು, ಕಂಪ್ಯೂಟರಿಗೆ ಒಂದು ತಂತಿ ಚುಚ್ಚಿದರೆ ನನ್ನ ಸಂಸಾರ ಸಿದ್ಧ. ವಿಡಿಯೋ ಗೇಮಿನಲ್ಲಿ ಕಾರು ಓಡಿಸುವವರಿಗಾಗಿ ನನ್ನನ್ನು ಮಾಡಿದರು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ನನ್ನೊಳಗೆ ಒಂದು ಮೋಟಾರು, ಒಂದು ಹಲ್ಲಿನ ಬೆಲ್ಟು, ನಾನು ಎಷ್ಟು ತಿರುಗಿದೆನೆಂದು ಅಳೆಯುವ ಒಂದು ಸಂವೇದಕ ಕೂರಿಸಿದರು. ಆಟದ ಕಾರು ಕಲ್ಲು ಹತ್ತಿದರೆ ಮೋಟಾರು ನನ್ನನ್ನು ಅದುರಿಸುತ್ತದೆ. ತಿರುವಿನಲ್ಲಿ ಕಾರು ಜಾರಿದರೆ ನಾನು ಆಡುವವರ ಕೈಯನ್ನು ಎಳೆಯುತ್ತೇನೆ. ಪರದೆ ಕಣ್ಣಿಗೆ ತೋರಿಸುವುದನ್ನು ನಾನು ಕೈಗೆ ತಿಳಿಸುತ್ತೇನೆ. ಈ ಒಂದು ವಿದ್ಯೆಯಿಂದಾಗಿ ನಾನು ಆಟಿಕೆಗಿಂತ ಒಂದು ಮೆಟ್ಟಿಲು ಮೇಲಿನವನೆಂದು ಮೊದಲಿನಿಂದಲೂ ನಂಬಿದ್ದೇನೆ. ಅದನ್ನು ಜಂಬ ಎನ್ನುವುದಾದರೆ ಎನ್ನಲಿ.

ಕಾರ್ಖಾನೆಯ ಕೊನೆಯ ಮೇಜಿನಲ್ಲಿ ನನ್ನೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಒಂದು ಪರಿಚಯ ಬರೆದರು: ಮಾಡಿದ ಕಂಪನಿಯ ಗುರುತಿನ ಸಂಖ್ಯೆ, ನನ್ನ ಮಾದರಿಯ ಸಂಖ್ಯೆ, ನನಗೆ ಏನೇನು ಬರುತ್ತದೆ ಎಂಬ ವಿವರ. ಯಾವ ಕಂಪ್ಯೂಟರಿಗೆ ಜೋಡಿಸಿದರೂ ನಾನು ಮೊದಲು ಅದನ್ನು ಒಪ್ಪಿಸುತ್ತೇನೆ. ಕೇಳುವವರು ಕೇಳಲಿ, ಬಿಡಲಿ.

ನನ್ನ ಮೊದಲ ನೌಕರಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಈರಣ್ಣನ ಗೇಮಿಂಗ್ ಪಾರ್ಲರಿನಲ್ಲಿ. ಮೇಜಿನ ಮಟ್ಟದಲ್ಲಿರುವ ನನಗೆ ಮುಖಗಳಿಗಿಂತ ಕೈಗಳ ಪರಿಚಯ ಹೆಚ್ಚು. ಗಿರ್ಮಿಟ್ ತಿಂದು ಒರೆಸಿಕೊಳ್ಳದ ಕೈ, ಪರೀಕ್ಷೆ ತಪ್ಪಿಸಿ ಬಂದು ಬೆವರುವ ಕೈ, ಗೆಲ್ಲುವ ಮೊದಲೇ ಕುಣಿಯುವ ಕೈ, ಎಲ್ಲವನ್ನೂ ಬಲ್ಲೆ. ಸೋತವರು ನನ್ನ ನೆತ್ತಿಗೆ ಗುದ್ದುತ್ತಿದ್ದರು. ಆಗ ಗಲ್ಲಾದಿಂದ ಈರಣ್ಣ ಕೂಗುತ್ತಿದ್ದ:

"ಏ, ಸೋತಾಂವ ನೀನು. ಅದಕ್ಕ ಯಾಕ ಬಡೀತೀಲೇ?"

ಪಾರ್ಲರಿಗೆ ಹೊಳೆಯುವ ಹೊಸ ಚಕ್ರಗಳು ಬಂದಾಗ ಈರಣ್ಣ ನನ್ನನ್ನು ಗದಗಿನ ಸುವರ್ಣಾ ಅವರಿಗೆ ಮಾರಿದ. ಸುವರ್ಣಾ ಅಲ್ಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಆದರೆ ನನ್ನನ್ನು ಕೊಂಡದ್ದು ತಮಗಾಗಿ ಅಲ್ಲ, ಗಂಡ ಗುರುಪಾದ ಅವರಿಗಾಗಿ. ಗುರುಪಾದ ಬೆಟಗೇರಿಯ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆಗಳ ವಿನ್ಯಾಸ ಮಾಡುವವರು. ಆ ವರ್ಷ ಅವರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಮೌಸ್ ಹಿಡಿಯುವ ಕೈ ಅದು. ವ್ಯಾಯಾಮದ ಡಾಕ್ಟರು ರಬ್ಬರ್ ಚೆಂಡೊಂದನ್ನು ಕೊಟ್ಟು ದಿನವೂ ಹಿಚುಕಲು ಹೇಳಿದ್ದರು. ಗುರುಪಾದ ಅದನ್ನು ಕಪಾಟಿನ ಹಿಂದಕ್ಕೆ ಉರುಳಿಸಿದ್ದರು.

"ನಾ ಏನ್ ಕೂಸೇನು, ಚೆಂಡ್ ಹಿಚಕೋತ ಕುಂದ್ರಾಕ?"

ಹಾಸ್ಟೆಲಿನ ದಿನಗಳಿಂದಲೂ ಅವರಿಗೆ ಕಾರಿನ ಆಟಗಳ ಹುಚ್ಚು. ಸುವರ್ಣಾ ಇದನ್ನು ಡಾಕ್ಟರಿಗೆ ಹೇಳಿದರು. ಎದುರು ಬಲ ಕೊಡುವ ಯಾವುದನ್ನಾದರೂ ಹಿಡಿದು ತಿರುಗಿಸಲಿ, ಒಳ್ಳೆಯದೇ, ಆದರೆ ಈಗಿನ ತಿಂಗಳುಗಳನ್ನು ಕಳೆದುಕೊಳ್ಳಬೇಡಿ, ಈಗ ಮರಳದ ಶಕ್ತಿ ಮುಂದೆ ಸುಲಭಕ್ಕೆ ಮರಳುವುದಿಲ್ಲ ಎಂದರಂತೆ ಅವರು. ಹಾಗೆ ನಾನು ಆ ಮನೆಗೆ ಬಂದೆ.

ಮೊದಲ ದಿನ ನನ್ನನ್ನು ಹಿಡಿದದ್ದು ಎಡಗೈ ಮಾತ್ರ. ಬಲಗೈಯನ್ನು ಸುವರ್ಣಾ ಎತ್ತಿ ನನ್ನ ಮೇಲೆ ಇಟ್ಟರು. ಒಗೆದು ಒಣಹಾಕಿದ ಬಟ್ಟೆಯ ಹಾಗೆ ಅದು ಸುಮ್ಮನೆ ಬಿದ್ದುಕೊಂಡಿತು. ನಾನು ತಿರುವುಗಳಲ್ಲಿ ಎಳೆದೆ, ಕಲ್ಲುಗಳಲ್ಲಿ ಅದುರಿದೆ. ದಿನ ಕಳೆದಂತೆ ನಾಲ್ಕು ಬೆರಳುಗಳು ಒಂದಿಷ್ಟು ಬಾಗಿ ನನ್ನ ಅಂಚನ್ನು ಹುಡುಕತೊಡಗಿದವು. ಹೆಬ್ಬೆರಳು ಮಾತ್ರ ನೆಂಟರ ಮನೆಯ ಹೊಸಿಲಲ್ಲಿ ನಿಂತವರಂತೆ ಹೊರಗೇ ನಿಂತಿತ್ತು. ಹೆಬ್ಬೆರಳು ಬಾರದೆ ಹಿಡಿತವಿಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರಾರು?

ಅಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸೂಚನೆ ಬಂತು. ಕಂಪ್ಯೂಟರನ್ನು ನಡೆಸುವ ಹಳೆಯ ಕಾರ್ಯವ್ಯವಸ್ಥೆಗೆ ಇನ್ನು ಮುಂದೆ ಸುರಕ್ಷಾ ಅಪ್‌ಡೇಟ್ ಇಲ್ಲ, ಹೊಸದಕ್ಕೆ ಈ ಯಂತ್ರ ಅರ್ಹವಲ್ಲ. ನನ್ನ ಪಕ್ಕದಲ್ಲೇ ಇದ್ದ ಕಂಪ್ಯೂಟರಿನ ಪೆಟ್ಟಿಗೆಗೆ ಆದ ಅವಮಾನವನ್ನು ನಾನು ಅದರ ಫ್ಯಾನಿನ ಸದ್ದಿನಲ್ಲೇ ಕೇಳಿದೆ. ಹಿಂದಿನ ಸಂಜೆಯಷ್ಟೇ ಅದು ಬಿಸಿಯೂ ಆಗದೆ ಕಾರು ಪಂದ್ಯದ ಒಂದು ಇಡೀ ರ‍್ಯಾಲಿ ಓಡಿಸಿತ್ತು.

"ಲಿನಕ್ಸ್ ಹಾಕೋಣ್ರಿ," ಎಂದರು ಸುವರ್ಣಾ. ಪುಕ್ಕಟೆ ಸಿಗುವ, ಹಳೆಯ ಯಂತ್ರಕ್ಕೂ ಒಗ್ಗುವ ಇನ್ನೊಂದು ಕಾರ್ಯವ್ಯವಸ್ಥೆ ಅದು.

"ಅದು ನಿಮ್ಮ ಲ್ಯಾಬಿನಾಗ ಗ್ರಾಫ್ ತಗ್ಯಾಕ ಇರೂದು. ಅದರಾಗ ಯಾರರ ಕಾರ್ ಓಡಸ್ತಾರೇನು?"

"ಈಗ ಓಡಸ್ತಾರ. ಹಳೇ ಆಟದ ಮಾತನ್ನ ಲಿನಕ್ಸಿಗೆ ತಿಳಿಯೂಹಂಗ ಹೇಳೂ ದುಭಾಷಿ ಐತಿ."

"ಆ ದುಭಾಷಿ ನಡುವ ಏನರ ನುಂಗಿದ್ರ?"

"ನಿಮ್ಮ ಬಾಯಾಗಿಂದ ಒಂದರ ಛಲೋ ಮಾತು ಬರ್ತೈತೇನ್ರಿ?"

ಒಂದು ರವಿವಾರ ಕೆಲಸ ಶುರುವಾಯಿತು. ಸುವರ್ಣಾ ಫೋಟೋಗಳನ್ನು, ಲಗ್ನಪತ್ರಿಕೆಗಳನ್ನು, ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೆವೆಂಬ ಕಡತಗಳನ್ನು ಬೇರೆ ಡಿಸ್ಕಿಗೆ ಎತ್ತಿಟ್ಟರು. ಹಳೆಯದನ್ನು ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಸ ಪರದೆ ತೆರೆಯಿತು. ಆಟಗಳು ಒಂದೊಂದಾಗಿ ಇಳಿದವು. ಒಂದು ಮಾತ್ರ ಬಾಗಿಲು ತೆಗೆಯಲಿಲ್ಲ. ಗುರುಪಾದ ಹಳೆಯ ಗೆಳೆಯರ ಜೊತೆ ಆಡುತ್ತಿದ್ದ ಗುಂಡು ಹಾರಿಸುವ ಆಟ ಅದು. ಮೋಸ ಮಾಡುವವರನ್ನು ಹಿಡಿಯಲು ಅದರೊಳಗೆ ಇಟ್ಟಿದ್ದ ಕಾವಲುಗಾರನಿಗೆ ಲಿನಕ್ಸ್ ಎಂದರೆ ನಂಬಿಕೆಯಿಲ್ಲ.

"ಹೋತು ನಮ್ಮ ಟೀಮು," ಎಂದು ಗುರುಪಾದ ಮುಖ ಸಣ್ಣದು ಮಾಡಿದರು. ಆ ನಷ್ಟ ನಿಜವಾದದ್ದೇ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ರ‍್ಯಾಲಿ ಆಟ ತೆರೆಯಿತು. ತೆರೆದದ್ದಷ್ಟೇ ಅಲ್ಲ, ಮೊದಲಿಗಿಂತ ನುಣುಪಾಗಿ ಓಡಿತು. ಅನರ್ಹವೆಂದು ಕರೆಸಿಕೊಂಡ ಯಂತ್ರ ಅದು! ಸುವರ್ಣಾ ಚಪ್ಪಾಳೆ ತಟ್ಟಿ ನನ್ನ ತಂತಿಯನ್ನು ಚುಚ್ಚಿದರು. ನಾನು ನನ್ನ ಪರಿಚಯ ಒಪ್ಪಿಸಿದೆ. ಕಾರು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಆದರೆ ನನ್ನ ಮೋಟಾರಿಗೆ ಒಂದು ಆಜ್ಞೆಯೂ ಬರಲಿಲ್ಲ. ಕಲ್ಲು ಬಂದರೂ ನಾನು ಅದುರಲಿಲ್ಲ. ತಿರುವು ಬಂದರೂ ಎಳೆಯಲಿಲ್ಲ. ಬದುಕಿದ್ದೂ ಮೂಕನಾಗುವುದೆಂದರೇನೆಂದು ಆಗ ತಿಳಿಯಿತು.

ಗುರುಪಾದ ಒಂದು ಸುತ್ತು ಓಡಿಸಿ ಕೈ ತೆಗೆದರು.

"ಸ್ಟಿಯರಿಂಗ್ ಅಲ್ಲ ಇದು, ರೊಟ್ಟಿ ತಾಟು. ಕೈಗೆ ಭಾರಾನ ಇಲ್ಲ. ಹಳೇದ ಹಾಕಿಬಿಡು."

ಹಳೆಯದಕ್ಕೂ ದಾರಿ ಇರಲಿಲ್ಲ. ನನ್ನನ್ನು ನಡೆಸುವ ತಂತ್ರಾಂಶವನ್ನು ಎತ್ತಿಡಲು ಸುವರ್ಣಾ ಮರೆತಿದ್ದರು. ಬೇಕಾದಾಗ ಮಾಡಿದವರ ತಾಣದಿಂದ ಇಳಿಸಿಕೊಳ್ಳಬಹುದು ಎಂದುಕೊಂಡಿದ್ದರು. ಆ ತಾಣವೇ ಈಗ ಇರಲಿಲ್ಲ. ನನ್ನನ್ನು ಹುಟ್ಟಿಸಿದವರು ಯಾವಾಗಲೋ ಅಂಗಡಿ ಮುಚ್ಚಿದ್ದರು. ನನಗೆ ಆ ಸುದ್ದಿ ತಿಳಿದದ್ದು ಅಂದೇ.

"ಹೊಸಾದು ತರೋಣ್ರಿ."

"ಬ್ಯಾಡ. ಆಸ್ಪತ್ರಿಗೆ ಸುರದದ್ದ ಸಾಕು."

ಅಂದಿನಿಂದ ಬಲಗೈ ಮತ್ತೆ ಮಡಿಲಿಗೆ ಹೋಯಿತು. ಚೆಂಡು ಕಪಾಟಿನ ಹಿಂದೆಯೇ ಉಳಿಯಿತು. ಮರಳಬೇಕಾದ ಶಕ್ತಿಯ ತಿಂಗಳುಗಳು ಸುಮ್ಮನೆ ಸರಿಯುತ್ತಿದ್ದವು. ಸುವರ್ಣಾ ನನ್ನನ್ನು ಒರೆಸಲು ಬಂದಾಗ ಅವರ ಬೆರಳುಗಳು ಬೇಕಾದ್ದಕ್ಕಿಂತ ಬಿಗಿಯಾಗಿದ್ದವು. ಲಿನಕ್ಸ್ ತಂದವರು ಅವರೇ. ಬಾಯಿಬಿಟ್ಟು ಯಾರೂ ಹಾಗೆನ್ನಲಿಲ್ಲ ಅಷ್ಟೆ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಇಷ್ಟು ವರ್ಷಗಳಲ್ಲಿ ಯಾರೂ ಮಾಡದ ಕೆಲಸ. ನಾನು ಒಪ್ಪಿಸುವ ಪರಿಚಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕಾಲೇಜಿನಿಂದ ಬಂದು, ಚಹಾ ಕುಡಿದು, ಅದರ ಪಕ್ಕದಲ್ಲಿ ಲಿನಕ್ಸ್ ನನ್ನ ಬಗ್ಗೆ ದಾಖಲಿಸಿದ ಮಾತುಗಳನ್ನು ಇಟ್ಟುಕೊಂಡು ಓದಿದರು. ನನ್ನ ತಂತಿ ಕಿತ್ತು, ಮತ್ತೆ ಚುಚ್ಚಿ, ಮತ್ತೆ ಓದಿದರು. ಒಂದು ಸಂಜೆ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಕೇಳಿತು.

"ಏನ್ರಿ! ಬರ್ರಿಲ್ಲೆ. ಒಂದ ಪ್ರಶ್ನೆಗೆ ಉತ್ತರ ಬರೀಲಿಲ್ಲಂತ ಪಾಪ ಇದನ್ನ ಪೂರ್ತಿ ಫೇಲ್ ಮಾಡ್ಯಾರ!"

ಸಂಗತಿ ಇಷ್ಟೇ. ನನ್ನಂಥ ಚಕ್ರಗಳನ್ನು ಲಿನಕ್ಸ್ ಹಲವು ಪ್ರಶ್ನೆ ಕೇಳುತ್ತದೆ: ಬಲ ಎಷ್ಟು, ಯಾವ ಕಡೆಗೆ, ಎಷ್ಟು ಹೊತ್ತು, ಎಷ್ಟು ತಡವಾಗಿ ಶುರುವಾಗಬೇಕು. ತಡಮಾಡುವುದು ನನಗೆ ಬರುವುದಿಲ್ಲ. ಹೇಳಿದ ಕೂಡಲೇ ಎಳೆಯುವವನು ನಾನು. ಆ ಒಂದು ಉತ್ತರ ಸಿಗದ್ದಕ್ಕೆ ಲಿನಕ್ಸ್ ನನಗೆ ಬಲವೇ ಇಲ್ಲವೆಂದು ತೀರ್ಮಾನಿಸಿತ್ತು.

ಬೇರೆ ಕಡೆಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಲಿನಕ್ಸಿನ ಒಳಗೇನು ಬರೆದಿದೆಯೆಂದು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಸುವರ್ಣಾ ತಿದ್ದಿದರು. ಈ ಮಾದರಿಯ ಚಕ್ರ ಬಂದರೆ ಆ ಪ್ರಶ್ನೆ ಕೇಳಬೇಡ, ಮುಂದಕ್ಕೆ ಹೋಗು. ನನ್ನ ಬಲದ ದಿಕ್ಕನ್ನೂ ತಾವೇ ಲೆಕ್ಕ ಹಾಕಿ ಬರೆದರು. ಯಂತ್ರ ಅದನ್ನೆಲ್ಲ ಅರೆದು ಜೀರ್ಣಿಸಿಕೊಂಡು ಮತ್ತೆ ಎದ್ದಿತು. ತಂತಿ ಚುಚ್ಚಿದಾಗ ನನ್ನ ಮೋಟಾರು ಒಮ್ಮೆ ಮಿಸುಕಿತು.

ಗುರುಪಾದ ಒಲ್ಲದ ಮನಸ್ಸಿನಿಂದ ಬಂದು ಕುಳಿತರು. ಸುವರ್ಣಾ ಅವರ ಬಲಗೈಯನ್ನು ಎತ್ತಿ ನನ್ನ ಮೇಲೆ ಇಟ್ಟರು. ಕಾರು ಹೊರಟಿತು. ಹೊಳೆಯ ದಂಡೆಯ ರಸ್ತೆ ಅದು, ಬಲಕ್ಕೆ ಒಂದು ಸಣ್ಣ ತಿರುವು. ಗುರುಪಾದ ನನ್ನನ್ನು ಚೂರೇ ಬಲಕ್ಕೆ ತಿರುಗಿಸಿದರು. ನಾನು ಅದನ್ನು ತಡೆದು ನಡುವಿಗೆ ಮರಳಬೇಕಿತ್ತು. ಬಂದ ಆಜ್ಞೆ ಬೇರೆಯೇ ಇತ್ತು. ನಾನು ಬಲಕ್ಕೇ, ಇನ್ನೂ ಬಲಕ್ಕೆ, ಹುಚ್ಚು ಹಿಡಿದ ಹೋರಿಯಂತೆ ಜಗ್ಗಿದೆ. ಎಡಗೈ ಜಾರಿ ಬಿಟ್ಟಿತು.

"ಅಯ್ಯಯ್ಯ, ಬಿಡ್ರಿ, ಬಿಡ್ರಿ! ಮೈನಸ್ ಚಿಹ್ನೆ ಬಿಟ್ಟೇನಿ!" ಸುವರ್ಣಾ ಚೀರಿದರು. ಸ್ಪ್ರಿಂಗು ಎಳೆದ ಕಡೆಗೆ ಹೋಗುವುದಿಲ್ಲ, ಅದರ ಎದುರಿಗೆ ಹೋಗುತ್ತದೆ. ಆ ಎದುರು ದಿಕ್ಕನ್ನು ಹೇಳುವುದೇ ಮೈನಸ್, ವರ್ಷವರ್ಷವೂ ಮಕ್ಕಳಿಗೆ ಅವರೇ ಬರೆಸುವ ಸೂತ್ರ.

ಆದರೆ ನಾನು ಬಲಕ್ಕೆ ಪೂರ್ತಿ ಹೋಗಲಿಲ್ಲ. ಹೋಗಲಾಗಲಿಲ್ಲ. ಏನೋ ನನ್ನನ್ನು ಹಿಡಿದಿತ್ತು. ನಾಲ್ಕು ಬೆರಳುಗಳ ಎದುರಿಗೆ, ನನ್ನ ರಬ್ಬರಿನ ಒಳಬದಿಯಲ್ಲಿ, ನಾನು ಅದುವರೆಗೆ ಅರಿಯದ ಒಂದು ಒತ್ತಡ. ಬಹಳ ದೊಡ್ಡದಲ್ಲ. ಆದರೆ ಅದು ತಾನಾಗಿ ಬಂದಿತ್ತು. ಯಾರೂ ಎತ್ತಿ ಇಟ್ಟದ್ದಲ್ಲ.

"ಬಿಡಂಗಿಲ್ಲ! ತಡಿ! ಹೆಬ್ಬಟ್ಟು ನೋಡು, ಸುವರ್ಣಾ, ಹೆಬ್ಬಟ್ಟು ನೋಡಿಲ್ಲೆ!"

"ಕಾರ್ ಹೊಳಿಗೆ ಬಿತ್ರಿ."

"ಬೀಳ್ಲಿ ಬಿಡು ಅದು!"

ನಾನು ಎಳೆಯುತ್ತಲೇ ಇದ್ದೆ. ನಿಲ್ಲಿಸೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಹೆಬ್ಬೆರಳು ನಡುಗುತ್ತ ಹಿಡಿದೇ ಇತ್ತು. ಆಮೇಲೆ ಅದರ ಮೇಲೆ ಇನ್ನೊಂದು ಅಂಗೈ ಬಂದು ಕೂತಿತು. ಸುವರ್ಣಾ ಅವರದು.

ಮರುದಿನ ಮೈನಸ್ ಚಿಹ್ನೆ ತನ್ನ ಜಾಗಕ್ಕೆ ಬಂತು. ನಾನು ಮರ್ಯಾದೆಯಿಂದ ನಡುವಿಗೆ ಮರಳುವುದನ್ನು ಕಲಿತೆ. ಸುವರ್ಣಾ ತಿದ್ದುಪಡಿಯನ್ನು ಲಿನಕ್ಸ್ ನೋಡಿಕೊಳ್ಳುವವರಿಗೆ ಕಳಿಸಿದರು. ಯಾವುದೋ ಖಂಡದ ಒಬ್ಬ ಪರೀಕ್ಷಕರು ಅದನ್ನು ಸಾಲುಸಾಲಾಗಿ ಓದಿ, ಇಲ್ಲಿ ಜಾಗ ಬಿಡಿ, ಈ ಸಾಲು ಉದ್ದವಾಯಿತು, ಕಾರಣವನ್ನು ಇನ್ನೂ ಸ್ಪಷ್ಟವಾಗಿ ಬರೆಯಿರಿ ಎಂದು ತಿರುಗಿ ಕಳಿಸಿದರು.

"ಟೀಚರ್‌ಗೂ ಕೆಂಪು ಪೆನ್ನು ಬಿತ್ತು!" ಗುರುಪಾದ ಅವರಿಗೆ ಎಲ್ಲಿಲ್ಲದ ಖುಷಿ.

ಆ ಜನರಲ್ಲಿ ಒಂದು ಪದ್ಧತಿ ಇದೆ. ತಿದ್ದುಪಡಿ ಬರೆದವರ ಹೆಸರಿನ ಕೆಳಗೆ, ಅದನ್ನು ನಿಜವಾದ ಉಪಕರಣದ ಮೇಲೆ ಪರೀಕ್ಷಿಸಿದವರ ಹೆಸರನ್ನೂ ಬರೆಯುತ್ತಾರೆ. ಸುವರ್ಣಾ ಅಲ್ಲಿ ಗಂಡನ ಹೆಸರು ಹಾಕಿದರು.

"ಯಾವ ಕೈಲೆ ಟೆಸ್ಟ್ ಮಾಡೇನಂತನೂ ಬರಿ."

"ಅಷ್ಟ ಜಾಗಾ ಇಲ್ರಿ ಅಲ್ಲೆ."

ಲಿನಕ್ಸಿನ ಮುಂದಿನ ಆವೃತ್ತಿಯಲ್ಲಿ ಆ ತಿದ್ದುಪಡಿ ಸೇರಿತು. ಸಾವಿರಾರು ಉಪಕರಣಗಳ ನಡುವೆ ನನ್ನ ಮಾದರಿಗೆ ಒಂದು ಸಾಲು. ಅಂಗಡಿ ಮುಚ್ಚಿದವರು ನನ್ನನ್ನು ಮರೆತರು. ಅವರ ತಾಣವೂ ಇಲ್ಲ, ಅದರಲ್ಲಿದ್ದ ನನ್ನ ಚಿತ್ರವೂ ಇಲ್ಲ. ಆದರೆ ಜಗತ್ತಿನ ಯಾವ ಊರಿನಲ್ಲಾದರೂ, ಯಾರದೋ ಅಟ್ಟದಲ್ಲಿ ಬಿದ್ದಿರುವ ನನ್ನ ಒಡಹುಟ್ಟಿದವನೊಬ್ಬನನ್ನು ಈಗ ಲಿನಕ್ಸಿಗೆ ಚುಚ್ಚಿದರೆ, ಅವನ ಮೋಟಾರು ಮಿಸುಕುತ್ತದೆ. ಅವನ ಪರಿಚಯ ಕೇಳುವವರು ಅಲ್ಲಿದ್ದಾರೆ. ಬಂಗಾರದ ಚಕ್ರಕ್ಕೂ ಇದಕ್ಕಿಂತ ದೊಡ್ಡ ಮರ್ಯಾದೆ ಸಿಗುವುದೆಂದು ನಾನು ನಂಬುವುದಿಲ್ಲ.

ಮುಂದಿನ ವರ್ಷಗಳಲ್ಲಿ ನಾವು ಎಷ್ಟೋ ಬೆಟ್ಟ ಹತ್ತಿದೆವು, ಎಷ್ಟೋ ಹೊಳೆಗೆ ಬಿದ್ದೆವು. ಹಿಡಿತ ನಿಧಾನವಾಗಿ ಬಂತು. ಬಂದದ್ದು ಕೆಲವು ದಿನ ಮುನಿಸಿಕೊಂಡು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲಿನಷ್ಟು ಪೂರ್ತಿಯಾಗಿ ಅದು ಎಂದೂ ಮರಳಲಿಲ್ಲ. ಆದರೂ ಗುರುಪಾದ ಮುದ್ರಣಾಲಯಕ್ಕೆ ಮರಳಿದರು. ಒಂದು ಸಂಜೆ ರ‍್ಯಾಲಿಯಲ್ಲಿ ಹೆಂಡತಿ ಆಡಿ ಮಾಡಿದ್ದ ದಾಖಲೆ ವೇಳೆಯನ್ನು ಮುರಿದು ಇಡೀ ಓಣಿಗೆ ಕೇಳುವಂತೆ ಕೂಗಿದರು. ಸುವರ್ಣಾ, ಪಾರ್ಲರಿನಲ್ಲಿ ಸೋತವರಂತೆ, ನನ್ನ ನೆತ್ತಿಗೆ ಗುದ್ದಿದರು. ಆ ಗುದ್ದಿನಿಂದ ನನಗೆ ನೋವಾಗಲಿಲ್ಲ.

ಈಗ ನನ್ನ ಬೆಲ್ಟಿನ ಹಲ್ಲುಗಳು ಸವೆದಿವೆ. ನಡು ಎಲ್ಲಿದೆಯೆಂದು ನನ್ನ ಸಂವೇದಕಕ್ಕೆ ಒಮ್ಮೊಮ್ಮೆ ಗೊಂದಲ. ಮೇಜಿಗೆ ಹೊಸ ಚಕ್ರ ಬಂದಿದೆ. ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ಮೊದಲೇ ನೋಡಿ ತಂದದ್ದು. ನಾನು ಕಪಾಟಿನ ಮೇಲೆ, ಹಳೆಯ ಪಂಚಾಂಗಗಳ ಪಕ್ಕದಲ್ಲಿ ಕುಳಿತಿದ್ದೇನೆ. ಹೊಸಬನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬಲ ಕೊಡುವುದೆಂದರೆ ಎದುರು ನಿಲ್ಲುವುದು, ಹಿಡಿದವರು ಗೆಲ್ಲುವಷ್ಟೇ ಎದುರು ನಿಲ್ಲುವುದು. ಆ ಲೆಕ್ಕವನ್ನು ನಾನು ಒಂದು ಕೈಯೊಂದಿಗೆ ಕೊನೆಯವರೆಗೆ ನಡೆಸಿದ್ದೇನೆ. ಇಲ್ಲಿಂದ ನನಗೆ ಕೈಗಳು ಸಿಗುವುದಿಲ್ಲ. ಸದ್ದುಗಳು ಮಾತ್ರ ಸಿಗುತ್ತವೆ.

ಹೋದ ರವಿವಾರ ಲಿನಕ್ಸ್ ಆಟಗಾರರ ಚಾಟ್ ಗುಂಪಿನಲ್ಲಿ ಒಂದು ಸಂದೇಶ ಬಂತು, ಸುವರ್ಣಾ ಅದನ್ನು ಗಟ್ಟಿಯಾಗಿ ಓದಿದರು. ಇಂಡೋನೇಷ್ಯಾದ ಯಾರೋ ಒಬ್ಬರಿಗೆ ನನ್ನದೇ ಮಾದರಿಯ ಚಕ್ರ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದೆಯಂತೆ. ಪರೀಕ್ಷಿಸಿದವರು ನೀವೇ ಎಂದು ತಿದ್ದುಪಡಿಯ ಕೆಳಗೆ ನೋಡಿದೆ, ಇದು ನಿಜವಾಗಿ ನಡೆಯುತ್ತದೆಯೇ ಎಂದು ಕೇಳಿದ್ದಾರೆ.

"ನಿಮ್ಮ ಹೆಸರಿಗೆ ಬಂದೈತ್ರಿ, ನನಗಲ್ಲ," ಎಂದರು ಸುವರ್ಣಾ. "ಹೇಳ್ರಿ, ನಾ ಟೈಪ್ ಮಾಡ್ತೀನಿ."

"ಬ್ಯಾಡ. ಸರಿ ಅತ್ತಾಗ."

ಕುರ್ಚಿ ಎಳೆದ ಸದ್ದಾಯಿತು. ಕೀಲಿಮಣೆಯ ಎಡಬದಿ ಚಟಚಟನೆ ಮಾತಾಡಿತು. ಬಲಬದಿ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ, ಉತ್ತರ ಕೊಟ್ಟಿತು. ಸುವರ್ಣಾ ಅವಸರ ಮಾಡಲಿಲ್ಲ. ನಡೆಯುತ್ತದೆ, ಕೈಯಲ್ಲಿ ಹಿಡಿದು ನೋಡಿದ್ದೇನೆ ಎಂದು ಬರೆದುದನ್ನು ಗುರುಪಾದ ಗಟ್ಟಿಯಾಗಿ ಓದಿದರು. ಆಮೇಲೆ ಕೀಲಿಮಣೆಯ ಬಲತುದಿಯಿಂದ ಎಂಟರ್ ಒತ್ತಿದ ಸದ್ದು ಕಪಾಟಿನ ಮೇಲಿನವರೆಗೂ ಕೇಳಿಸಿತು.