ಉತ್ತರವಿಲ್ಲದ ನಕ್ಷೆ

ನೀವು ಈಗ ಕುಳಿತಿರುವ ಕೋಣೆಯಲ್ಲಿ ಉತ್ತರ ಯಾವ ಕಡೆಗಿದೆ? ಥಟ್ಟನೆ ಹೇಳಲಾಗಲಿಲ್ಲ, ಅಲ್ಲವೇ? ತೋರಿಸಿದ ಕಡೆ ಸಹಿ ಹಾಕಿದಿರಿ, ಬೀಗದ ಕೈ ಇಸಿದುಕೊಂಡಿರಿ, ಒಳಗೆ ಬಂದು ಮಂಚ ಹಾಕಿದಿರಿ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆನ್ನುವ ಈ ಸ್ವಭಾವವನ್ನು ನಂಬಿಕೊಂಡೇ ಕೆಲವರು ಮನೆ ಕಟ್ಟಿಸುತ್ತಾರೆ. ಅಂಥವರ ಕೈಗೆ ಸಿಕ್ಕ ಒಂದು ಬೀದಿಯ ಕಥೆ ಇದು.

ಬೀದಿ ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆದಂತೆ ಹೋಗುತ್ತದೆ. ಎರಡೂ ಬದಿಗೆ ಹದಿನಾರು ಹದಿನಾರು ಮನೆಗಳು, ಎದುರುಬದುರಾಗಿ. ದುಡಿದು ಉಣ್ಣುವವರಿಗೆಂದು ಗೃಹನಿರ್ಮಾಣ ಸಂಘವೊಂದು ಕಟ್ಟಿಸಿದ್ದು. 'ಕಡಿಮೆ ವೆಚ್ಚ, ಕಡಿಮೆ ವಿದ್ಯುತ್ತು, ಬೇಸಿಗೆಯಲ್ಲೂ ತಂಪು' ಎಂದು ಬೀದಿಯ ತುದಿಯಲ್ಲಿ ಫಲಕವಿದೆ. ನಕ್ಷೆ ಬರೆದಾಕೆ ಸುಳ್ಳು ಹೇಳಿರಲಿಲ್ಲ. ಪಡುವಣ ಗೋಡೆಯನ್ನು ಎರಡು ಪದರ ಮಾಡಿ ನಡುವೆ ಗಾಳಿಗೆ ಜಾಗ ಬಿಟ್ಟಿದ್ದಳು. ಆ ಕಡೆಗೆ ಕಿಟಕಿಯೇ ಇಲ್ಲ. ಬಚ್ಚಲು, ಸಾಮಾನಿನ ಕೋಣೆ ಮಾತ್ರ. ಮಲಗುವ ಕೋಣೆಯೂ ಅಗಲವಾದ ಕಿಟಕಿಯೂ ಮೂಡಣಕ್ಕೆ, ಬೀದಿಯ ಕಡೆಗೆ. ಇಟ್ಟಿಗೆ ಅಗ್ಗದ್ದು, ಬಳಿದ ಸುಣ್ಣ ಅಗ್ಗದ್ದು. ಬೆಲೆಬಾಳುವ ವಸ್ತುವೆಂದರೆ ಆ ನಕ್ಷೆಯೊಳಗಿನ ಬುದ್ಧಿಯೊಂದೇ.

ಈ ಫಲಕವನ್ನು ನಂಬಿ ಅರ್ಜಿ ಹಾಕಿದವಳು ಒಬ್ಬ ಹೊಲಿಗೆಯವಳು. ಅವಳ ಅಪ್ಪ ನಲವತ್ತು ವರ್ಷ ಬೇಕರಿಯ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಸುಟ್ಟವನು. ಈಗ ಅವನ ಹೃದಯ ಸೋತಿದೆ. "ಸೆಕೆಯಲ್ಲಿ ಮಾತ್ರ ಇಡಬೇಡಿ, ಇನ್ನೊಂದು ಸಲ ತಲೆ ಸುತ್ತಿ ಬಿದ್ದರೆ ನನ್ನ ಕೈಯಲ್ಲಿಲ್ಲ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳಿಗೆ ಬೇಕಾಗಿದ್ದುದು ಮನೆಯಲ್ಲ, ಅಪ್ಪನಿಗೊಂದು ನೆರಳು. ಸಿಕ್ಕಿದ್ದು ಮೂಡಣ ಸಾಲಿನ ಹತ್ತನೆಯ ಮನೆ.

ಮೊದಲ ಬೇಸಿಗೆಯ ಮೊದಲ ವಾರದಲ್ಲೇ ಮುದುಕ ಮಂಚದ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿ ಕೇಳಿದ:

"ಮಗಳೇ, ನಲವತ್ತು ವರ್ಷ ಭಟ್ಟಿ ಮುಂದೆ ನಿಂತೆ. ಈಗ ಒಳಗೇ ಮಲಗಿಸಿದೀಯಲ್ಲ. ಒಂದು ಕಡೆ ಕೆಂಪಾದ್ಮೇಲೆ ಮಗ್ಗುಲು ತಿರುಗಿಸ್ತೀಯೋ ಹೆಂಗೆ?"

"ಸುಮ್ನಿರಪ್ಪಾ, ನಿಂಗೆ ಎಲ್ಲಾದ್ರಲ್ಲೂ ತಮಾಷೆ" ಎಂದು ಗದರಿದಳು. ಆದರೆ ಅವನ ತುಟಿ ಒಣಗಿತ್ತು, ಎದೆ ಏರಿಳಿಯುತ್ತಿತ್ತು. ಇಳಿಹೊತ್ತಿನ ಬಿಸಿಲು ಅಗಲವಾದ ಕಿಟಕಿಯಿಂದ ನೇರ ಅವನ ಮುಖಕ್ಕೇ ಬಡಿಯುತ್ತಿತ್ತು.

ಅದೇ ಸಂಜೆ ನಾಲ್ಕಕ್ಕೆ ಹೊಲಿದ ಬಟ್ಟೆ ಕೊಡಲು ಅವಳು ಎದುರು ಸಾಲಿನ ಮೇಸ್ತ್ರಿಯ ಮನೆಗೆ ಹೋದಳು. ಎರಡೂ ಸಾಲನ್ನು ಕಟ್ಟಿದವನು ಅವನೇ. ಹೊಸ್ತಿಲು ದಾಟಿದವಳು ಹಾಗೇ ನಿಂತುಬಿಟ್ಟಳು. ಮಡಕೆಯೊಳಗೆ ಕೈ ಇಟ್ಟಂತೆ ತಂಪು! ಅದೇ ಇಟ್ಟಿಗೆ, ಅದೇ ಸೂರು. ನಡುವೆ ಹನ್ನೆರಡು ಹೆಜ್ಜೆಯ ರಸ್ತೆ. ಕಿಟಕಿಯನ್ನು ನೋಡಿದಳು, ಬಚ್ಚಲಿನ ಗೋಡೆಯನ್ನು ತಟ್ಟಿದಳು, ತಿರುಗಿ ತನ್ನ ಮನೆಯತ್ತ ನೋಡಿದಳು. ಹೊಲಿಗೆಯವಳ ಕಣ್ಣಿಗೆ ಹೊಳೆಯಲು ಇಷ್ಟು ಸಾಕಾಯಿತು. ಬಲದೋಳಿನ ಅಳತೆಯ ಕಾಗದವನ್ನು ಮಗುಚಿ ಹಾಕಿದರೆ ಎಡದೋಳಾಗುತ್ತದೆ. ಅಂಗಿಗೆ ಅದು ಸರಿ, ಮನುಷ್ಯನಿಗೆ ಎರಡು ಕೈಗಳಿವೆ. ಆದರೆ ಸೂರ್ಯ? ಬೀದಿಯ ಈ ಬದಿಯವರಿಗೊಂದು ಪಡುವಣ, ಆ ಬದಿಯವರಿಗೊಂದು ಪಡುವಣ ಉಂಟೇ?

"ಮೇಸ್ತ್ರಿಯಣ್ಣ, ನಮ್ಮ ಸಾಲಿಗೆ ನಕ್ಷೆ ಮಗುಚಿ ಕಟ್ಟಿದೀರಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಕೊಟ್ಟಿದ್ದು ಕಟ್ಟಿದೆ ಅಕ್ಕ. ಬಾಗಿಲು ರಸ್ತೆಗೆ ಬರಬೇಕಲ್ಲ."

"ಉತ್ತರ ಎಲ್ಲಿತ್ತು ಅಂತ ನೋಡ್ಲಿಲ್ವಾ?"

"ಉತ್ತರಾನೇ ಇರ್ಲಿಲ್ಲ. ಮೂಲೆ ಕತ್ತರಿಸಿ ಕೊಟ್ರು. ಅಕ್ಷರ ಉಲ್ಟಾ ಕಾಣುತ್ತೆ, ನೋಡಿದೋರು ನಗ್ತಾರೆ ಅಂತ ಇಂಜಿನಿಯರ್ ಸಾಹೇಬ್ರೇ ಕತ್ತರಿ ಹಾಕಿದ್ರು. ಉದ್ಘಾಟನೆ ಹತ್ರ ಬಂದಿತ್ತು, ಇನ್ನೊಂದು ನಕ್ಷೆ ಬರೆಸೋಕೆ ಪುರುಸೊತ್ತಿಲ್ಲ ಅಂದ್ರು."

"ಎಲ್ಲಿ ಆ ಮೂಲೆ?"

ಅವನು ಕರಣೆ, ತೂಗುಗುಂಡುಗಳ ಚೀಲವನ್ನು ಸುರುವಿ ಒಂದು ಮಾಸಿದ ತುಂಡನ್ನು ತೆಗೆದ. ಹಿಂಬದಿಯಲ್ಲಿ ಕಿಟಕಿಗಳ ಅಳತೆ ಗೀಚಿಕೊಂಡಿದ್ದನಂತೆ, ಅದಕ್ಕೇ ಉಳಿದಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಎಲ್ಲರೂ ತಪ್ಪುತ್ತಾರೆ, ತಪ್ಪಿದವನನ್ನು ತಿದ್ದಬಹುದು. ಆದರೆ ತಪ್ಪು ಕಾಣದಿರಲೆಂದು ಕತ್ತರಿ ಹಿಡಿದವನು ತಪ್ಪಿದವನಲ್ಲ, ಮೋಸಗಾರ. ಪರೀಕ್ಷೆಯಲ್ಲಿ ಉತ್ತರ ಬರೆಯದ ಮಗುವಿಗೆ ಸೊನ್ನೆ ಹಾಕುತ್ತೇವೆ. ಉತ್ತರವನ್ನೇ ಕತ್ತರಿಸಿ ಎಸೆದವನಿಗೆ ಉದ್ಘಾಟನೆಯ ದಿನ ನಾವು ಹಾಕಿದ್ದು ಹೂವಿನ ಹಾರ!

ಮರುದಿನ ಬೆಳಿಗ್ಗೆ ಅದೇ ಇಂಜಿನಿಯರು ತೃಪ್ತಿಪತ್ರ ಹಿಡಿದು ಬಂದ. 'ಮನೆ ಭರವಸೆ ಕೊಟ್ಟಂತೆಯೇ ಇದೆ, ಯಾವ ದೂರೂ ಇಲ್ಲ' ಎಂದು ಸಹಿ ಹಾಕಿದರೆ ಹಕ್ಕುಪತ್ರ ಸಿಗುತ್ತದೆ. ಆಮೇಲೆ ಮನೆ ಸುಟ್ಟರೂ ಸಂಘದ ತಲೆಗೆ ಬರುವುದಿಲ್ಲ. ಹಾಕದಿದ್ದರೆ ತಿಂಗಳ ಕೊನೆಗೆ ಮನೆ ಬೇರೆಯವರ ಪಾಲು. ಆ ಸಾಲಿನ ಹದಿನೈದು ಮನೆಯವರೂ ಹಾಕಿಯಾಗಿತ್ತು.

"ಸಹಿ ಬೇಕಾದ್ರೆ ನಾಲ್ಕು ಗಂಟೆಗೆ ಬನ್ನಿ ಸರ್" ಎಂದಳು ಹೊಲಿಗೆಯವಳು.

ನಾಲ್ಕಕ್ಕೆ ಬಂದ. ಅವಳು ಕಿಟಕಿಯ ಎದುರಿಗೇ ಕುರ್ಚಿ ಹಾಕಿದಳು. ಎರಡೇ ನಿಮಿಷದಲ್ಲಿ ಕರವಸ್ತ್ರ ಹೊರಬಂತು.

"ಒಂದು ಪರದೆ ಹಾಕಿದ್ರೆ ಮುಗೀತಲ್ಲಮ್ಮ! ನೀನೇ ಟೈಲರು, ಪರದೆಗೆ ಬರವಾ?"

ಮಂಚದಿಂದ ಮುದುಕನ ದನಿ ಬಂತು. "ಬಿಸಿಲು ಒಳಗೆ ಬಂದ್ಮೇಲೆ ಪರದೆ ಏನ್ ಮಾಡುತ್ತೆ ಸಾಹೇಬ್ರೇ? ಭಟ್ಟಿಗೆ ಪರದೆ ಹಾಕಿದ್ರೆ ಬ್ರೆಡ್ಡು ಬೇಯಲ್ವಾ?"

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕಿಸಕ್ಕನೆ ನಕ್ಕ. ಇಂಜಿನಿಯರು ಅವನತ್ತ ದುರುಗುಟ್ಟಿದ. "ನಿಂಗೇನ್ ಇಲ್ಲಿ ಕೆಲಸ? ಮುಂದಿನ ಬೀದಿ ಕೆಲಸ ಬೇಕೋ ಬೇಡ್ವೋ?"

ಮೇಸ್ತ್ರಿಯ ನಗು ಹಾರಿತು. "ಬೇಕು ಸರ್. ಆದ್ರೆ ಈ ಕಿಟಕಿ ಮುಂದೆ ಜಾಲರಿ ಗೋಡೆ ಎಬ್ಬಿಸಿದ್ರೆ ಅರ್ಧ ಸೆಕೆ ಇಳಿಯುತ್ತೆ. ಒಂದು ವಾರದ ಕೆಲಸ. ಕೆಡಿಸಿದ್ದು ನಾವು, ಸರಿ ಮಾಡೋದೂ ನಾವೇ ಅಲ್ವಾ?"

"ಯಾರಯ್ಯ ಕೆಡಿಸಿದ್ದು? ಏನಿದೆ ಸಾಕ್ಷಿ?"

ಹೊಲಿಗೆಯವಳು ಕಿಟಕಿಯ ಬಳಿಗೆ ಹೋದಳು. ಮಾಸಿದ ಮೂಲೆಯನ್ನು ಮಗುಚಿ ಗಾಜಿಗೆ ಒತ್ತಿ ಹಿಡಿದಳು. ಅಪ್ಪನನ್ನು ಬೇಯಿಸುತ್ತಿದ್ದ ಅದೇ ಬಿಸಿಲು ಕಾಗದದೊಳಗಿಂದ ಹಾಯ್ದು, ಉಲ್ಟಾ ಅಕ್ಷರಗಳು ನೆಟ್ಟಗಾದವು. ಒಂದು ಬಾಣ, ಪಕ್ಕದಲ್ಲಿ 'ಉತ್ತರ'. ಕೆಳಗೆ ದುಂಡಗಿನ ಕೈಬರಹ: 'ದಪ್ಪ ಗೋಡೆ ಪಡುವಣಕ್ಕೇ ಬರಬೇಕು. ಎದುರು ಸಾಲಿಗೆ ಬೇರೆ ನಕ್ಷೆ ಬರೆಯಬೇಕು. ಇದನ್ನು ಮಗುಚಬಾರದು.'

"ಓದಿ ಸರ್" ಎಂದಳು. "ಓದು ಬರುತ್ತಲ್ಲ ನಿಮಗೆ?"

ಇಂಜಿನಿಯರು ಓದಲಿಲ್ಲ. ಗಡಿಯಾರ ನೋಡಿದ, ಬೆವರು ಒರೆಸಿದ, "ಮೇಲಿನವರನ್ನ ಕೇಳಬೇಕು" ಎಂದ.

"ಕೇಳಿ. ನಾನೇ ಬರೆದು ಕೊಡ್ತೀನಿ."

ಮೊಬೈಲಿನಲ್ಲಿ ಆ ತುಂಡಿನ ಫೋಟೋ ತೆಗೆದುಕೊಂಡಳು. ತೃಪ್ತಿಪತ್ರದಲ್ಲಿ ಸಹಿಯ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ 'ಉತ್ತರ ಎಲ್ಲಿ?' ಎಂದು ಬರೆದಳು. ಆಮೇಲೆ ಪತ್ರವನ್ನೂ ಮೂಲೆಯನ್ನೂ ಜೋಡಿಸಿ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಇಟ್ಟು ಟರ್ರನೆ ಎರಡು ಸಾಲು ಓಡಿಸಿದಳು.

"ಡಬಲ್ ಹೊಲಿಗೆ ಸರ್. ಈ ಸಲ ಕತ್ತರಿ ಹಾಕಿದ್ರೆ ಪತ್ರಾನೂ ಹರಿಯುತ್ತೆ."

ಅವನು ಆ ಪತ್ರ ತೆಗೆದುಕೊಂಡು ಹೋದ ಮೇಲೆ ಅವಳೂ ಮೇಸ್ತ್ರಿಯೂ ಮುದುಕನ ಎರಡು ತೋಳು ಹಿಡಿದು, ಹನ್ನೆರಡು ಹೆಜ್ಜೆ ನಡೆಸಿ, ಎದುರು ಮನೆಯ ತಂಪಿಗೆ ಕೂರಿಸಿದರು. ಈಗ ದಿನವೂ ಮಧ್ಯಾಹ್ನ ಅದೇ ಮೆರವಣಿಗೆ. ಸಂಘದಿಂದ ಉತ್ತರ ಬಂದಿಲ್ಲ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿವೆ. ಸಹಿ ಹಾಕಿದ್ದ ಹದಿನೈದು ಮನೆಯವರಲ್ಲಿ ಆರು ಮಂದಿ ಪತ್ರ ವಾಪಸು ಕೇಳಲು ಹೋಗಿದ್ದಾರೆ. ಉಳಿದವರು ಪರದೆ ಹೊಲಿಸಲು ಅವಳ ಬಳಿಗೇ ಬಂದಿದ್ದಾರೆ. ಅವಳು ಹೊಲಿಯುವುದಿಲ್ಲ ಎಂದಿದ್ದಾಳೆ.

ಓದುಗರೇ, ಅಯ್ಯೋ ಪಾಪ ಎನ್ನಬೇಡಿ. ಆ ಮಾತಿನಿಂದ ಯಾವ ಗೋಡೆಯೂ ತಣ್ಣಗಾಗುವುದಿಲ್ಲ. ಇವತ್ತೇ ಎದ್ದು ನಿಮ್ಮ ಮನೆಯ ನಕ್ಷೆ ತೆಗೆಯಿರಿ. ನಿಮ್ಮ ಮಕ್ಕಳ ಶಾಲೆಯದು, ನಿಮ್ಮ ಬೀದಿಯ ಆಸ್ಪತ್ರೆಯದು ಕೇಳಿ ತರಿಸಿ. ನಾಲ್ಕು ಮೂಲೆಗಳನ್ನೂ ಎಣಿಸಿ. ಒಂದು ಕಡಿಮೆಯಿದ್ದರೆ ಪೆನ್ನು ಕೆಳಗಿಡಿ, ಎದುರಿಗಿರುವವನ ಕಣ್ಣನ್ನೇ ನೋಡಿ, ದನಿ ಏರಿಸಿ ಕೇಳಿ: ಉತ್ತರ ಎಲ್ಲಿ?