ಹತ್ತೂ ಕೊಂಡೆ

ಇಸ್ಪೀಟಿನಲ್ಲಿ ಅಕ್ಕನ ಕೈಗೆ ದೊಡ್ಡ ಎಲೆ ಬಂದರೆ ಅದನ್ನು ಮೇಜಿನ ಅಂಚಿಗೆ ಸಮನಾಗಿ ಜೋಡಿಸಿಡುತ್ತಾಳೆ. ಚಿಕ್ಕದಾದರೆ ಹೇಗೆ ಬಿತ್ತೋ ಹಾಗೇ ಬಿಡುತ್ತಾಳೆ. ಆಟ ಕಲಿತ ಕಾಲದಿಂದಲೂ ಹೀಗೆಯೇ. ಇದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ ಎನ್ನುವುದೂ ಗೊತ್ತಿಲ್ಲ.

ಅವಳು ನನ್ನ ದೊಡ್ಡಪ್ಪನ ಮಗಳು. ಒಂದೇ ಮನೆಯಲ್ಲಿ ಬೆಳೆದೆವು. ಟ್ರೇಡಿಂಗ್ ಕಂಪನಿಯೊಂದರಲ್ಲಿ ಹೊಸಬರಿಗೆ ಒಂದು ಹುದ್ದೆ ಖಾಲಿ ಇದೆಯೆಂದು ಪತ್ತೆ ಹಚ್ಚಿದವಳು ಅವಳು. ನನ್ನ ಅರ್ಜಿಯನ್ನೂ ತಾನೇ ತುಂಬಿ, ಒಂದು ತಿಂಗಳು ಕೂರಿಸಿಕೊಂಡು ಬಾಯಿಲೆಕ್ಕ ಮಾಡಿಸಿದಳು. "ಯಾರಿಗೆ ಸಿಕ್ಕಿದ್ರೂ ನಮ್ಮನೆಗೇ ತಾನೆ" ಅಂದಿದ್ದಳು.

ಸಂದರ್ಶನದ ಕೊನೆಯ ಸುತ್ತಿಗೆ ಅಕ್ಕನೂ ನಾನೂ ಸೇರಿ ನಾಲ್ವರು ಉಳಿದೆವು. ಗಾಜಿನ ಕೋಣೆ, ಚೌಕ ಮೇಜು. ನರೆಗೂದಲ ಸಂದರ್ಶಕಿ ತಲೆಗೊಂದು ಎಲೆ ಹಂಚಿದರು. ಎಕ್ಕಕ್ಕೆ ಒಂದು, ರಾಜನಿಗೆ ಹದಿಮೂರು. ಮಾರಾಟಕ್ಕಿರುವುದು ಒಂದು ಕಾಲ್ಪನಿಕ ಸರಕು; ಕೊನೆಗೆ ತೆರೆದಾಗ ನಾಲ್ಕು ಎಲೆಗಳ ಮೊತ್ತವೇ ಅದರ ನಿಜವಾದ ಬೆಲೆ. ಸರದಿ ಬಂದವರು ಎರಡು ಬೆಲೆ ಹೇಳಬೇಕು, ಕೊಳ್ಳುವುದು ಎಷ್ಟಕ್ಕೆ, ಮಾರುವುದು ಎಷ್ಟಕ್ಕೆ ಎಂದು. ಹೇಳಿದ ಮೇಲೆ ಯಾರು ಕೇಳಿದರೂ ಆ ಬೆಲೆಗೆ ಹತ್ತು ಸರಕಿನವರೆಗೆ ವ್ಯಾಪಾರ ಮಾಡಲೇಬೇಕು.

ನನ್ನದು ಆರು. ಸರಾಸರಿ ಎಲೆ ಏಳು. ಉಳಿದ ಮೂರಕ್ಕೆ ಇಪ್ಪತ್ತೊಂದು ಹಿಡಿದರೆ ಒಟ್ಟು ಇಪ್ಪತ್ತೇಳು. ಅದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಲು ನನಗೆ ಯಾವ ಕಾರಣವೂ ಇರಲಿಲ್ಲ.

ಅಕ್ಕ ತನ್ನ ಎಲೆ ನೋಡಿ, ಮಗುಚಿ, ಅಂಚಿಗೆ ಜೋಡಿಸಿದಳು. ಕಿರುಬೆರಳಿನಿಂದ ಇನ್ನೊಮ್ಮೆ ಸರಿಪಡಿಸಿದಳು.

"ಇಪ್ಪತ್ತಾರಕ್ಕೆ ತಗೋತೀನಿ, ಇಪ್ಪತ್ತೆಂಟಕ್ಕೆ ಕೊಡ್ತೀನಿ" ಅಂದಳು, ಬೇಸರದ ದನಿಯಲ್ಲಿ. ಕೈಯಲ್ಲಿ ಚಿಕ್ಕದಿದೆ ಎಂದು ನಂಬಿಸಿ, ಉಳಿದವರು ಬೆಲೆ ಇಳಿಸಿದಾಗ ಅಗ್ಗಕ್ಕೆ ಕೊಳ್ಳುವ ಉಪಾಯ. ಅದನ್ನು ನನಗೆ ಕಲಿಸಿದ್ದೂ ಅವಳೇ. ಮಿಕ್ಕ ಇಬ್ಬರು ನಂಬಿದಂತಿತ್ತು.

"ಹತ್ತೂ ನಂಗೆ" ಅಂದೆ.

"ಹೊಟ್ಟೆಬಾಕಿ" ಎಂದು ಅಕ್ಕ ನಕ್ಕಳು. ಆದರೆ ಅವಳ ಕಿವಿ ಕೆಂಪಾಯಿತು.

ಎಲೆಗಳನ್ನು ತೆರೆದಾಗ ಮೊತ್ತ ಮೂವತ್ಮೂರು, ಒಂದೊಂದರ ಮೇಲೂ ನನಗೆ ಐದು ಲಾಭ. ಅಕ್ಕನ ಕೈಯಲ್ಲಿದ್ದದ್ದು ರಾಜ.

ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. "ನಿಮ್ಮಿಬ್ಬರದೂ ಒಂದೇ ವಿಳಾಸ" ಎಂದರು ಸಂದರ್ಶಕಿ. "ಅವರ ಪರಿಚಯ ಇದೆ ಅಂತಾನಾ ಕೊಂಡಿದ್ದು?"

"ಇಲ್ಲ ಮೇಡಂ. ಅವರು ಹೇಳಿದ ಎರಡು ಬೆಲೆಗಳ ಅಂತರ ತುಂಬಾ ಕಡಿಮೆ ಇತ್ತು. ಕೈಯಲ್ಲಿ ಏನೂ ಇಲ್ಲದವರು ಅಷ್ಟು ಧೈರ್ಯ ಮಾಡಲ್ಲ."

"ಒಳ್ಳೆ ಗಮನ" ಎಂದು ಬರೆದುಕೊಂಡರು. ಒಂದು ಗಂಟೆಯೊಳಗೆ ಕೆಲಸ ನನ್ನದಾಯಿತು.

ಬಸ್ಸಿನಲ್ಲಿ ಅಕ್ಕ ನನ್ನ ತೊಡೆಗೆ ಚಿವುಟಿದಳು. "ಹತ್ತಕ್ಕೆ ಹತ್ತೂ ಹೊಡ್ಕೊಂಡ್ಯಲ್ಲೇ, ಕಳ್ಳಿ. ಹೇಗೆ ಗೊತ್ತಾಯ್ತು?"

ಸಂದರ್ಶಕಿಗೆ ಹೇಳಿದ್ದನ್ನೇ ಒಪ್ಪಿಸಿದೆ. ಅವಳು ಗಂಭೀರವಾಗಿ ತಲೆದೂಗಿ, ಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆಯತೊಡಗಿದಳು. ಮುಂದಿನ ವಾರ ಇನ್ನೊಂದು ಕಂಪನಿಯಲ್ಲಿ ಅವಳಿಗೆ ಸಂದರ್ಶನವಿತ್ತು. 'ಬೆಲೆಗಳ ಅಂತರ ಹೆಚ್ಚಿಸಬೇಕು' ಎಂದು ಬರೆದು ಕೆಳಗೆ ಗೆರೆ ಎಳೆದಳು.

ಕಾಲೇಜಿನ ಪ್ರಯೋಗಾಲಯದಲ್ಲಿ ಸುಳ್ಳು ಅಳತೆ ಬರೆದಿಟ್ಟ ಸಹಪಾಠಿಗಳನ್ನು ನಾನು ಎಷ್ಟು ಹಗುರವಾಗಿ ಆಡಿಕೊಂಡಿದ್ದೆ. ಈಗ ಅಕ್ಕನ ಪುಸ್ತಕದಲ್ಲಿ ನನ್ನದೇ ಸುಳ್ಳು.

"ಅದನ್ನ ಹೊಡೆದುಹಾಕು" ಅಂದೆ. "ದೊಡ್ಡದು ಬಂದ್ರೆ ನೀನು ಎಲೇನ ಅಂಚಿಗೆ ನೆಟ್ಟಗೆ ಜೋಡಿಸ್ತೀಯ. ಅದನ್ನ ನೋಡಿ ಕೊಂಡೆ."

ಪೆನ್ನು ನಿಂತಿತು. "ಯಾವಾಗಿಂದ ಗೊತ್ತು?"

"ಒಂಬತ್ತನೇ ವಯಸ್ಸಿಂದ."

ಎರಡು ನಿಲ್ದಾಣ ದಾಟಿದವು. ಅವಳು ಹಳೆಯ ಆಟಗಳನ್ನು ಹಿಂದಕ್ಕೆ ಹಿಂದಕ್ಕೆ ಎಣಿಸುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು.

"ಕಿಟಕಿ ಇರೋ ಕೋಣೆ ಯಾರಿಗೆ ಅಂತ ಆಡಿದ್ವಲ್ಲ, ಅವತ್ತು?"

"ಅವತ್ತೂ."

"ಗೋಡೆ ನೋಡ್ಕೊಂಡೇ ಓದಿದೀನಿ, ಇಷ್ಟು ವರ್ಷ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ಹವಾಮಾನ ವರದಿ ಓದಿದ ಹಾಗೆ ಹೇಳಿದಳು.

"ಇವತ್ತೇ ಕೋಣೆ ಬದಲಾಯಿಸ್ಕೊಳ್ಳೋಣ."

"ಬೇಡ."

ಮುಂದಿನ ಸಾಲಿನಲ್ಲಿ ಒಂದು ಸೀಟು ಖಾಲಿಯಾಯಿತು. ಅಕ್ಕ ಚೀಲ ಎತ್ತಿಕೊಂಡು ಹೋಗಿ ಅಲ್ಲಿ ಕೂತಳು.