ಸೂಜಿಯ ಹಾಜರಿ

ಬಟ್ಟೆ ಒಣಗಿಸುವ ತಂತಿಯ ಮೇಲೆ ಬಂದು ಕೂತ ಪುಟ್ಟ ಹಕ್ಕಿ ಸೂಜಿ ಮೂರು ಸಲ ಕೂಗಿತು. ತಂತಿಗೂ ಮೇಸ್ತ್ರಿಯ ತಲೆಗೂ ಎರಡು ಮೊಳ ಅಂತರ ಇದ್ದರೆ ಹೆಚ್ಚು. ಹಿತ್ತಲಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮೇಸ್ತ್ರಿ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ನಿಟ್ಟುಸಿರು ಬಿಟ್ಟು ಕಣ್ಣು ತೆರೆದು, ತೊಡೆಯ ಮೇಲಿದ್ದ ಪುಸ್ತಕದಲ್ಲಿ ಆ ಹಕ್ಕಿಯ ಹೆಸರಿನ ಮುಂದೆ ‘ಗೈ’ ಎಂದು ಬರೆದರು. ಗೈರುಹಾಜರಿ.

ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಅವರ ಹೆಂಡತಿ ಟೀಚರಮ್ಮ, ‘ರೀ, ಅಲ್ಲೇ ಕೂತಿದೆಯಲ್ರೀ’ ಅನ್ನಲು ಬಾಯಿ ತೆರೆದವರು ಹಾಗೇ ನಿಂತರು. ಹಕ್ಕಿ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ. ಮೇಸ್ತ್ರಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಟೀಚರಮ್ಮ ಹಕ್ಕಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

ಮೇಸ್ತ್ರಿಗೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಸುತ್ತಮುತ್ತ ಅವರಿಗೆ ಕಿವಿಮೇಸ್ತ್ರಿ ಎಂದೇ ಹೆಸರು. ಮಿಷನ್ ಬಿಚ್ಚುವ ಮೊದಲು ಒಂದು ಸಲ ಚಕ್ರ ತಿರುಗಿಸಿ, ತಲೆ ಓರೆ ಮಾಡಿ, “ಷಟಲ್ ಸವೆದಿದೆ” ಎಂದರೆ ಮುಗಿಯಿತು, ಬಿಚ್ಚಿದರೆ ಷಟಲ್ಲೇ ಸವೆದಿರಬೇಕು. ಹಕ್ಕಿಗಳ ವಿಷಯದಲ್ಲೂ ಅವರದು ಅದೇ ದಾರಿ. ಪುಸ್ತಕದ ಹೆಸರುಗಳು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಎಣ್ಣೆ ಕಾಣದ ಗಾಲಿಯ ಹಾಗೆ ಕಿರುಗುಟ್ಟುವುದು ಎಣ್ಣೆಯಮ್ಮ. ಮಿಷನ್ನಿನ ದಾರದ ಉರುಳೆಯ ಹಾಗೆ ಗಂಟಲೊಳಗೇ ಗರಗರ ಸುತ್ತುವುದು ಬಾಬಿನ್. ಎಲ್ಲೋ ಮರದ ತುದಿಯಲ್ಲಿ ಕುಟ್ ಕುಟ್ ಕುಟ್ ಎಂದು ದಿನವೆಲ್ಲ ಬಡಿಯುವವನು ಕುಟ್ಟಪ್ಪ. ಹೆಬ್ಬೆರಳಷ್ಟೇ ಉದ್ದದ, ಹಳದಿ ಹೊಟ್ಟೆಯ, ಬಾಗಿದ ಕೊಕ್ಕಿನ ಈ ಚೂರು ಹಕ್ಕಿಯ ದನಿ ಕಿವಿಯೊಳಗೆ ಚುಚ್ಚಿದಂತೆ ಸಣ್ಣಗೆ ಬರುವುದರಿಂದ ಸೂಜಿ.

ಟೀಚರಮ್ಮ ನಿವೃತ್ತರಾದಾಗ ಶಾಲೆಯಿಂದ ತಂದ ಖಾಲಿ ಹಾಜರಿ ಪುಸ್ತಕಗಳಿಗೆ ಕೆಲಸ ಸಿಕ್ಕಿದ್ದು ಹೀಗೆ. ಬೆಳಿಗ್ಗೆ ಆರರಿಂದ ಏಳು. ದೂರದ ಕನ್ನಡಕ ಜೇಬಿನಲ್ಲಿ, ಏಳು ಗಂಟೆಯವರೆಗೆ ಅದನ್ನು ಮುಟ್ಟುವಂತಿಲ್ಲ. ದನಿ ಕೇಳಿಸಿದರೆ ‘ಹಾ’, ಕೇಳಿಸದಿದ್ದರೆ ‘ಗೈ’. “ಕಣ್ಣು ಮೋಸ ಮಾಡುತ್ತೆ ಕಣೇ. ಕಿವಿ ಮಾಡಲ್ಲ” ಎನ್ನುವುದು ಅವರ ಸಿದ್ಧಾಂತ. ಮೂವತ್ತೈದು ವರ್ಷ ಬೆಳಗಿನ ಗಂಟೆಗೆ ಎದ್ದು ಸಾಕಾಗಿ, ಇನ್ನು ಏಳರ ಮೊದಲು ಹಾಸಿಗೆ ಬಿಡುವುದಿಲ್ಲವೆಂದು ಶಪಥ ಮಾಡಿದ್ದ ಟೀಚರಮ್ಮ ಈ ತರಗತಿಯ ಕಡೆ ತಲೆಹಾಕಿದವರೇ ಅಲ್ಲ. ಇವತ್ತು ಒಣಕೆಮ್ಮು ಎಬ್ಬಿಸಿತ್ತು, ಅಷ್ಟೇ.

“ಇವತ್ತಿಗೆ ಇಪ್ಪತ್ತೊಂಬತ್ತು ದಿನ” ಎಂದರು ಮೇಸ್ತ್ರಿ, ಆಕೆಯನ್ನು ಕಂಡು. “ನಿಮ್ಮ ಶಾಲೇಲಿ ಮೂವತ್ತು ದಿನ ಬರದೇ ಇದ್ರೆ ಹೆಸರು ತೆಗೀತಿದ್ರಿ ಅಲ್ವಾ?”

“ಅದು ಮಕ್ಕಳಿಗೆ.”

“ನಿಯಮ ಅಂದ್ಮೇಲೆ ನಿಯಮ. ನಾಳೆ ಕೆಂಪು ಗೆರೆ ಎಳೆದು ಪುಸ್ತಕಾನೇ ಮುಚ್ಚಿಡ್ತೀನಿ. ತಪ್ಪು ನಂದು. ಯಾವ ಮುಖ ಇಟ್ಕೊಂಡು ಬೇರೆ ಹಕ್ಕಿಗಳ ಹಾಜರಿ ಕೂಗಲಿ?”

ಅವರ ತಪ್ಪು ಏನೆಂದು ಟೀಚರಮ್ಮನಿಗೆ ಗೊತ್ತಿತ್ತು. ಒಂದು ತಿಂಗಳ ಹಿಂದೆ ತಂತಿಯ ಕೊಕ್ಕೆಗೆ ಜೋತುಬಿದ್ದಿದ್ದ ಕಸದ ಮುದ್ದೆಯನ್ನು ಮೇಸ್ತ್ರಿ ಪೊರಕೆಯಿಂದ ಎಳೆದು ಹಾಕಿದ್ದರು. ಜೇಡರ ಬಲೆ, ಒಣಗಿದ ಎಲೆ, ಮರದ ತೊಗಟೆಯ ಪುಡಿ, ನೋಡಿದರೆ ಯಾರೂ ಕಸ ಎಂದೇ ಅನ್ನಬೇಕು. ಬುಟ್ಟಿಗೆ ಹಾಕುವಾಗ ಒಡೆದು, ಒಳಗಿನ ಹತ್ತಿಯ ಹಾಸಿಗೆ ಕಂಡಿತು. ಹೊರಗೆ ಸುತ್ತಿದ್ದದ್ದು ಅವರ ಅಂಗಡಿಯದೇ ಕೆಂಪು ದಾರ. ಸೂಜಿಯ ಗೂಡು. ಮೊಟ್ಟೆ ಇರಲಿಲ್ಲ, ಪುಣ್ಯ. ಆದರೂ ಅವತ್ತು ಮೇಸ್ತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಸೂಜಿಗೆ ಬರೀ ‘ಗೈ’.

ಅವರು ಅಂಗಡಿ ಬಾಗಿಲು ತೆರೆದ ಮೇಲೆ ಟೀಚರಮ್ಮ ಆ ಪುಸ್ತಕ ಹಿಡಿದು ಊಟದ ಮೇಜಿನ ಮುಂದೆ ಕೂತರು. ಹಾಜರಿ ಪುಸ್ತಕ ಓದುವುದು ಆಕೆಗೆ ಕರತಲಾಮಲಕ. ಯಾವ ಮಗುವಿಗೆ ಜ್ವರ, ಯಾವುದರ ಮನೆಯಲ್ಲಿ ಜಗಳ, ಎಲ್ಲ ಆ ಚೌಕಗಳಲ್ಲೇ ಕಾಣುತ್ತದೆ. ಹಿಂದಿನ ತಿಂಗಳುಗಳನ್ನು ತಿರುವಿದರು. ಮೊದಮೊದಲು ಸೂಜಿ ಒಂದು ದಿನವೂ ತಪ್ಪಿಸಿರಲಿಲ್ಲ. ಆಮೇಲೆ ವಾರಕ್ಕೊಂದು ‘ಗೈ’, ಬರಬರುತ್ತ ಎರಡು, ನಾಲ್ಕು. ಗೂಡು ಕೀಳುವ ಎಷ್ಟೋ ಮೊದಲೇ ಶುರುವಾಗಿತ್ತು ಅದು. ಎಣ್ಣೆಯಮ್ಮನ ಸಾಲಿನಲ್ಲೂ ಈಗ ಅಲ್ಲೊಂದು ಇಲ್ಲೊಂದು. ಕುಟ್ಟಪ್ಪನಿಗೆ ಮಾತ್ರ ಎಲ್ಲ ಪುಟದಲ್ಲೂ ‘ಹಾ’. ದಪ್ಪ ದನಿಯವರೆಲ್ಲ ಹಾಜರು, ಸಣ್ಣ ದನಿಯವರು ಒಬ್ಬೊಬ್ಬರಾಗಿ ಗೈರು. ಟೀಚರಮ್ಮ ಪುಸ್ತಕ ಮುಚ್ಚಿದರು.

ಮಧ್ಯಾಹ್ನ ಬೀದಿ ಮೂಲೆಯ ದರ್ಜಿ ಹೆಂಗಸು ಎರಡನೇ ಸಲ ಅದೇ ಮಿಷನ್ ಹೊತ್ತು ತಂದಳು.

“ಮೇಸ್ತ್ರಿಯಣ್ಣ, ಇನ್ನೂ ಕೀಚ್ ಕೀಚ್ ಅಂತಿದೆ.”

ಮೇಸ್ತ್ರಿ ಚಕ್ರ ತಿರುಗಿಸಿದರು. ಒಳಗೆ ಮಜ್ಜಿಗೆ ಕುಡಿಯುತ್ತಿದ್ದ ಟೀಚರಮ್ಮನಿಗೂ ಆ ಸದ್ದು ಹಲ್ಲು ಜುಮ್ಮೆನ್ನುವಷ್ಟು ಕೇಳಿಸಿತು.

“ಬೆಣ್ಣೆ ಥರ ಓಡ್ತಿದೆಯಲ್ಲಮ್ಮ! ನೀನು ಒಂದ್ಸಲ ಕಿವಿ ತೋರಿಸ್ಕೋ” ಎಂದರು ಮೇಸ್ತ್ರಿ, ನಗುತ್ತ. ಅವಳು ಬಾಗಿಲಿಂದ ಟೀಚರಮ್ಮನ ಕಡೆ ನೋಡಿದಳು. ಟೀಚರಮ್ಮ ಲೋಟ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿಕೊಂಡರು.

ನಿಮ್ಮ ಮಗ ದಡ್ಡನಲ್ಲ, ಅವನಿಗೆ ಬೋರ್ಡು ಕಾಣಿಸುತ್ತಿಲ್ಲ ಎಂದು ಎಷ್ಟು ತಂದೆತಾಯಿಯರಿಗೆ ಹೇಳಿಲ್ಲ ಆಕೆ! ಒಂದು ದಿನವೂ ನಾಲಿಗೆ ತಡವರಿಸಿರಲಿಲ್ಲ. ಈಗ ಹೇಳಬೇಕಾಗಿ ಬಂದದ್ದು ಸ್ವಂತ ಗಂಡನಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸಂಜೆಯವರೆಗೆ ಯೋಚಿಸಿದರು. ಹೇಳಿದರೆ ಕಿವಿಮೇಸ್ತ್ರಿಯ ಕಿವಿ ಹೋಯಿತು. ಹೇಳದಿದ್ದರೆ ಸೂಜಿ ಹೋಯಿತು, ಅದನ್ನು ಓಡಿಸಿದವನು ತಾನೇ ಎಂಬ ಕೊರಗು ಮಾತ್ರ ಅವರ ಬಳಿ ಉಳಿಯಿತು. ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಬಚ್ಚಲಮನೆಯ ಕಿಟಕಿಯ ಪಕ್ಕ, ಕೇಬಲ್ ವೈರಿಗೆ ಒಂದು ಕಸದ ಮುದ್ದೆ ಜೋತುಬಿದ್ದದ್ದು ಕಂಡಿತು. ಅದರಿಂದ ಒಂದು ಎಳೆ ಕೆಂಪು ದಾರ ಗಾಳಿಗೆ ಅಲ್ಲಾಡುತ್ತಿತ್ತು. ಟೀಚರಮ್ಮ ಬಟ್ಟೆಯನ್ನು ಎದೆಗವುಚಿಕೊಂಡು ನಿಂತರು. ಹೇಳಿಯೇ ಬಿಡಬೇಕು ಅನ್ನಿಸಿದ್ದು ಆಗ.

ಮರುದಿನ ಆರು ಗಂಟೆಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ ಹೆಂಡತಿಯನ್ನು ಮೇಸ್ತ್ರಿ ಬಿಟ್ಟ ಕಣ್ಣಿಂದ ನೋಡಿದರು. “ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?” ಅವರ ಜೇಬಿನಲ್ಲಿ ಕೆಂಪು ಪೆನ್ನಿತ್ತು.

ಆರೂ ಹತ್ತಕ್ಕೆ ಸೂಜಿ ತಂತಿಗೆ ಬಂತು.

“ಕನ್ನಡಕ ಹಾಕ್ಕೊಳ್ಳಿ” ಎಂದರು ಟೀಚರಮ್ಮ.

“ಇನ್ನೂ ಏಳಾಗಿಲ್ಲ.”

“ಹಾಕ್ಕೊಳ್ಳಿ ಅಂದೆ.” ಮೂವತ್ತೈದು ವರ್ಷದ ತರಗತಿಯ ದನಿ ಅದು. ಮೇಸ್ತ್ರಿ ಹಾಕಿಕೊಂಡರು. ಆಕೆ ತೋರಿಸಿದ ಕಡೆ ನೋಡಿದರು. ಹಳದಿ ಹೊಟ್ಟೆ, ಬಾಗಿದ ಕೊಕ್ಕು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲು ಪಟಪಟ ಅದುರುತ್ತಿತ್ತು. ಶಬ್ದ ನಿಲ್ಲಿಸಿದ ಟಿ.ವಿ. ನೋಡುವವರ ಹಾಗೆ ಮೇಸ್ತ್ರಿ ನೋಡುತ್ತಲೇ ಇದ್ದರು.

“ಕೂಗ್ತಾ ಇದೆಯಾ?”

“ಹೂಂ.”

“ಜೋರಾಗಾ?”

“ಬೀದಿಗೆ ಕೇಳೋ ಹಾಗೆ.”

ಮೇಸ್ತ್ರಿ ಕಿವಿಯ ಪಕ್ಕ ಚಿಟಿಕೆ ಹೊಡೆದುಕೊಂಡರು. ಅದು ಕೇಳಿಸಿರಬೇಕು, ಮತ್ತೊಂದು ಸಲ ಹೊಡೆದರು. ಆಮೇಲೆ ಕೈ ತೊಡೆಯ ಮೇಲೆ ಬಿತ್ತು. ಟೀಚರಮ್ಮನಿಗೆ ಅಳು ಒತ್ತಿಕೊಂಡು ಬಂತು. ಹೇಳಬಾರದಿತ್ತೇನೋ ಅನ್ನಿಸಿತು.

“ದಿನಾ ಬರ್ತಿತ್ತಾ?”

“ಬರ್ತಿತ್ತು ಅಂತಲೇ ಕಾಣುತ್ತೆ. ಗೂಡೂ ಕಟ್ಟಿದೆ ರೀ, ಬಚ್ಚಲಮನೆ ಕಿಟಕಿ ಹತ್ರ. ಈ ಸಲಾನೂ ನಿಮ್ಮ ಕೆಂಪು ದಾರವೇ.”

“ಅಂದ್ರೆ ಅದು ಹೋಗಲಿಲ್ಲ.”

“ಎಲ್ಲಿಗೂ ಹೋಗಲಿಲ್ಲ.”

ಮೇಸ್ತ್ರಿ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ಭುಜ ಕುಲುಕಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಟೀಚರಮ್ಮ ಬೆನ್ನಿನ ಮೇಲೆ ಕೈಯಿಟ್ಟರು. ಎರಡೂ ಇತ್ತು.

“ಹಾಗಾದ್ರೆ ಆ ದರ್ಜಿಯಮ್ಮನ ಮಿಷನ್ನು?”

“ಕೀಚ್ ಅಂತಾನೇ ಇದೆ.”

“ಅಯ್ಯೋ, ಅವಳಿಗೆ ಕಿವಿ ತೋರಿಸ್ಕೋ ಅಂದುಬಿಟ್ನಲ್ಲೇ!”

“ಇಬ್ರೂ ಒಟ್ಟಿಗೇ ಹೋಗಿ ತೋರಿಸ್ಕೊಳ್ಳಿ” ಎಂದರು ಟೀಚರಮ್ಮ ಮೂಗು ಒರೆಸಿಕೊಳ್ಳುತ್ತ.

ಮೇಸ್ತ್ರಿ ಪುಸ್ತಕ ಬಿಡಿಸಿ ಇಪ್ಪತ್ತೊಂಬತ್ತು ‘ಗೈ’ಗಳ ಮೇಲೆ ಬೆರಳಾಡಿಸಿದರು. ತಿದ್ದಲು ಪೆನ್ನೆತ್ತಿದಾಗ ಟೀಚರಮ್ಮ ತಡೆದರು. ಹಾಜರಿ ಪುಸ್ತಕದಲ್ಲಿ ತಿದ್ದುವಂತಿಲ್ಲ, ಏನಿದ್ದರೂ ಷರಾದಲ್ಲಿ ಬರೆಯಬೇಕು, ಅದೂ ನಿಯಮವೇ. ಮೇಸ್ತ್ರಿ ಕೊನೆಯ ಅಂಕಣಕ್ಕೆ ಬಂದು ಸ್ವಲ್ಪ ಯೋಚಿಸಿ ದುಂಡಗೆ ಬರೆದರು: ‘ದಿನಾ ಬಂದಿದ್ದಳು. ಹಾಜರಿ ಹಾಕುವವನಿಗೆ ಕೇಳಿಸಲಿಲ್ಲ.’ ಬರೆದು ಪುಸ್ತಕವನ್ನು ಹೆಂಡತಿಯ ಕಡೆ ತಳ್ಳಿದರು. ಟೀಚರಮ್ಮ ಕೆಳಗೆ ಸಹಿ ಮಾಡಿದರು.

ಆಮೇಲೆ ಮೇಸ್ತ್ರಿ ಕನ್ನಡಕವನ್ನು ಜೇಬಿಗಿಟ್ಟು, ಎಂದಿನಂತೆ ಕಣ್ಣು ಮುಚ್ಚಿ, ಎಡಗೈಯನ್ನು ಹೆಂಡತಿಯ ಕುರ್ಚಿಯ ಕಡೆ ಚಾಚಿದರು. ಟೀಚರಮ್ಮ ಅದರ ಮಣಿಕಟ್ಟು ಹಿಡಿದುಕೊಂಡರು. ಸೂಜಿ ಕೂಗಿದಾಗ ಒಂದು ಸಲ ಒತ್ತಿದರು. ಮೇಸ್ತ್ರಿ ಕಣ್ಣು ತೆರೆದು ‘ಹಾ’ ಎಂದು ಬರೆದರು. ಎಣ್ಣೆಯಮ್ಮ ಬಂದಾಗ ಇನ್ನೊಮ್ಮೆ. ಅಷ್ಟರಲ್ಲಿ ದೂರದ ಮರದಿಂದ ಕುಟ್ ಕುಟ್ ಕುಟ್ ಶುರುವಾಯಿತು. ಟೀಚರಮ್ಮ ಮತ್ತೆ ಒತ್ತಿದರು.

“ಅದು ನಂಗೇ ಕೇಳ್ಸುತ್ತೆ, ಸುಮ್ನಿರೇ” ಎಂದರು ಮೇಸ್ತ್ರಿ. ಕೈಯನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.